ಬಿಡ್ತು ಅನ್ನು

ಹುಡುಗಿ ಉಗುರಿನಿಂದ ಮೇಜಿನ ಪಾಲಿಶ್ ಕೆರೆಯುತ್ತಿದ್ದಾಳೆ, ಕರ್ ಕರ್ ಅಂತ, ಬೇರೆ ದಿನವಾಗಿದ್ದರೆ ಸುಪ್ರಿಯಾ ಬೆರಳಿನ ಮೇಲೊಂದು ಕೊಡುತ್ತಿದ್ದಳು, ಈಗ ಕೆರೆಯಲಿ, ಇಡೀ ಮೇಜನ್ನೇ ಕೆರೆದು ಹಾಕಲಿ, ಏನೆಂದಳು ಇವಳು ಈಗಷ್ಟೇ, ತಲೆ ಎತ್ತದೆ — ನಾನೂ ಹುಮಾ ಹೋದಲ್ಲಿಗೇ ಹೋದ್ರೆ ಎಲ್ರಿಗೂ ಸಮಾಧಾನ ಆಗತ್ತೆ ಅಲ್ವಾ ಮಿಸ್ — ಎಂದಳು, ಹತ್ತನೇ ಕ್ಲಾಸಿನ ದಿವ್ಯಶ್ರೀ, ಹುಮಾಳ ಜಡೆ ಕತ್ತರಿಸಿದ ದಿವ್ಯಶ್ರೀ, ಊಟದ ಬಿಡುವಿನಲ್ಲಿ ಖಾಲಿ ಸ್ಟಾಫ್ ರೂಮಿಗೆ ತಾನಾಗಿ ಬಂದು ನಿಂತವಳು, ಸುಪ್ರಿಯಾಳ ನಾಲಿಗೆಯ ತುದಿಗೆ ಆ ಮಾತು ಆಗಲೇ ಬಂದು ಕೂತಿದೆ, ಅಜ್ಜಿ ಅಮ್ಮನಿಗೆ ಅಂದದ್ದು, ಅಮ್ಮ ತನಗೆ ಅಂದದ್ದು, ಮಕ್ಕಳ ಬಾಯಲ್ಲಿ ಸಾವಿನ ಮಾತು ಬಂದರೆ ದೊಡ್ಡವರು ಒಡನೆಯೇ ಅನ್ನುವುದು, ಬಿಡ್ತು ಅನ್ನು, ಮಗು ಬಿಡ್ತು ಅನ್ನುತ್ತದೆ, ಅಪಶಕುನ ಕಳೆಯಿತು, ಎಲ್ಲರೂ ಊಟಕ್ಕೆ ಏಳಬಹುದು. ಇಲ್ಲ, ಅದೊಂದನ್ನು ಅನ್ನಬಾರದು, ಹಲ್ಲು ಕಚ್ಚಿಕೋ ಸುಪ್ರಿಯಾ, ಕನ್ನಡ ಮೇಡಂ ಅಂತೆ, ಬಾಯಿ ಬಿಟ್ಟರೆ ಗಾದೆ ಅಂತೆ, ಒಂದು ಹುಡುಗಿಯನ್ನು ಗಾದೆಗೇ ಬಲಿ ಕೊಟ್ಟದ್ದು ಸಾಲದೇ.

ಆವತ್ತು ಶನಿವಾರ ಹುಮಾ ನಿಂತದ್ದು ಇದೇ ಬಾಗಿಲ ಹತ್ತಿರ, ಮಾಚೇನಹಳ್ಳಿಯಲ್ಲಿ ಲಾರಿ ರಿಪೇರಿ ಮಾಡುವ ಅಬ್ದುಲ್ ವಹಾಬರ ಮಗಳು, ಒಂದು ಜಡೆ ಸೊಂಟದವರೆಗೆ, ಇನ್ನೊಂದು ಭುಜಕ್ಕೇ ಮುಗಿದದ್ದು, ಕ್ರಾಫ್ಟ್ ಪೀರಿಯಡ್ಡಿನ ಕತ್ತರಿ, ಹಿಂದಿನ ಬೆಂಚಿನಿಂದ ಈ ದಿವ್ಯಶ್ರೀ, ಇಡೀ ಕ್ಲಾಸು ನಕ್ಕಿತ್ತಂತೆ. ಸುಪ್ರಿಯಾ ಪಂಚಾಯ್ತಿ ಮಾಡಿದಳು, ಎಂಥ ಚಂದದ ಪಂಚಾಯ್ತಿ, ಇಬ್ಬರ ಕೈ ಕುಲುಕಿಸಿ ಸಾರಿ ಹೇಳಿಸಿ, ಕೂದಲು ತಾನೆ ಮಾರಾಯ್ತಿ, ಬೆಳೆಯತ್ತೆ, ಉದ್ದದ್ದನ್ನ ಮಡಚಿ ರಿಬ್ಬನ್ ಕಟ್ಟು, ಎರಡೂ ಸಮ ಕಾಣತ್ತೆ. ಹುಮಾ ಮಡಚಲಿಲ್ಲ. ದಿನವೂ ಹಾಗೇ ಬಂದಳು, ಹಠಮಾರಿ ಅಂದುಕೊಂಡಳು ಸುಪ್ರಿಯಾ, ಯಾರಾದರೂ ನೋಡಲಿ ಅಂತ ಬರುತ್ತಿದ್ದಳು ಕಣೇ, ನೀನು ನೋಡಲಿ ಅಂತ, ಕೈ ಕುಲುಕಿದ ಮೇಲೂ ಇವಳೂ ಇವಳ ಗುಂಪೂ ನಿಲ್ಲಿಸಿರಲಿಲ್ಲ, ಒಂಟಿಜಡೆ ಒಂಟಿಜಡೆ ಅಂತ ನಲ್ಲಿಯ ಹತ್ತಿರ, ಬಸ್ ಸ್ಟಾಪಿನಲ್ಲಿ, ರಾತ್ರಿ ಮೊಬೈಲಿನಲ್ಲಿ. ಆ ಶನಿವಾರ ಹುಮಾ ಅಂದದ್ದು ಇಷ್ಟು, ನಾನು ಇಲ್ದೇ ಹೋದ್ರೆ ಇವ್ರೆಲ್ಲ ಖುಷಿಯಾಗಿರ್ತಾರೆ ಮಿಸ್. ಸುಪ್ರಿಯಾ ಪೇಪರ್ ತಿದ್ದುತ್ತ, ಅಯ್ಯೋ, ಬಿಡ್ತು ಅನ್ನು. ಹುಮಾ ತಲೆ ಒಂದು ಕಡೆ ವಾಲಿಸಿದಳು, ಮನೆಯಲ್ಲಿ ದಖನಿ ಉರ್ದು ಆಡುವ ಹುಡುಗಿ, ಈ ಮಾತು ಕೇಳಿಲ್ಲ, ಏನು ಬಿಡ್ತು ಮಿಸ್? ಸುಪ್ರಿಯಾ ನಕ್ಕಳು — ನಕ್ಕಳು — ಏನೂ ಇಲ್ಲ ಮಾರಾಯ್ತಿ, ಅನ್ನು ಅಂದ್ರೆ ಅನ್ನು. ಬಿಡ್ತು, ಎಂದಳು ಹುಮಾ, ವಿಧೇಯವಾಗಿ, ಉಚ್ಚಾರಣೆ ತಪ್ಪದೆ. ಸೋಮವಾರ ಅವಳು ಬರಲಿಲ್ಲ, ಮಂಗಳವಾರ ಸಂತಾಪ ಸೂಚಿಸಿ ಶಾಲೆಗೆ ರಜೆ ಕೊಟ್ಟರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು, ಹೋದ ವಾರ ಶಿವಮೊಗ್ಗದಲ್ಲಿ ಮಕ್ಕಳ ಆತ್ಮಹತ್ಯೆ ತಡೆಯೋದು ಹೇಗೆ ಅಂತ ಶಿಕ್ಷಕರಿಗೆ ತರಬೇತಿ, ಮನೋವೈದ್ಯೆ ಡಾಕ್ಟರ್ ಶರಣ್ಯಾ, ಜೋಡಿ ಜೋಡಿಯಾಗಿ ಅಭಿನಯಿಸಿ, ಒಬ್ರು ಮಗು, ಒಬ್ರು ಟೀಚರ್ ಅಂದರು, ಆಯನೂರಿನ ಪಿ.ಟಿ. ಮೇಷ್ಟ್ರು ಮುರುಗೇಶಪ್ಪ ಅಷ್ಟು ದಪ್ಪ ಮೀಸೆ ಇಟ್ಟುಕೊಂಡು ಸಣ್ಣ ದನಿಯಲ್ಲಿ, ನಂಗೆ ಬದುಕೋದೇ ಬೇಡ ಮಿಸ್, ಸುಪ್ರಿಯಾಳ ಬಾಯಿಂದ ತಾನಾಗಿ, ಬಿಡ್ತು ಅನ್ನು, ಅವರೂ ತಟ್ಟನೆ, ಬಿಡ್ತು ಮಿಸ್, ಹಾಲ್ ಪೂರ್ತಿ ನಗು. ಡಾಕ್ಟರ್ ನಗಲಿಲ್ಲ. ನೋಡಿ ಮೇಡಂ, ಅವ್ರ ಮಾತು ಅಲ್ಲಿಗೇ ಮುಗೀತು. ನೇರವಾಗಿ ಕೇಳಿ. ಕೇಳಿದ್ರೆ ಆ ಯೋಚನೆ ಹೊಸದಾಗಿ ಹುಟ್ಟಲ್ಲ, ಎಷ್ಟೋ ವರ್ಷದ ಸಂಶೋಧನೆ ಹೇಳೋದು ಅದನ್ನೇ, ಒಳಗಿದ್ರೆ ಹೊರಗೆ ಬರತ್ತೆ. ಇನ್ನೊಂದ್ಸಲ ಕೇಳಿ ನೋಡೋಣ. ಸುಪ್ರಿಯಾ ಗಂಟಲು ಸರಿಯಿಲ್ಲ ಅಂತ ಹೇಳಿ ಕೂತುಬಿಟ್ಟಳು, ಹೇಡಿ, ಸುಳ್ಳುಸುಳ್ಳು ಸಾವಿನ ಬಗ್ಗೆಯೂ ಕೇಳಲಾರದವಳು, ಈಗ ಇವಳನ್ನು ಕೇಳಬೇಕು, ಅದೂ ಇವಳನ್ನು, ಇಷ್ಟು ದಿನ ಯಾರ ಮುಖ ನೋಡದೆ ಪಾಠ ಮಾಡಿದಳೋ, ಅನುಭವಿಸಲಿ ಅಂತ ಮನಸ್ಸಿನಲ್ಲೇ ಶಪಿಸಿದಳೋ ಅವಳನ್ನು, ಎಷ್ಟು ಇಳಿದುಹೋಗಿದ್ದಾಳೆ ಹುಡುಗಿ, ಕತ್ತಿನ ಮೂಳೆ ಕಾಣುತ್ತಿದೆ, ಇದನ್ನೂ ನೋಡಿರಲಿಲ್ಲ, ಬೆಲ್ ಹೊಡೆದರೆ ಹೊರಟು ಹೋಗಿಬಿಡುತ್ತಾಳೆ, ಕೇಳು, ಕೇಳೇ —

ದಿವ್ಯಾ, ಸಾಯ್ಬೇಕು ಅಂತ ಅನ್ನಿಸ್ತಿದೆಯಾ ನಿಂಗೆ? ಯಾರ ದನಿ ಇದು, ತನ್ನದೇ. ಕೆರೆಯುವ ಸದ್ದು ನಿಂತಿತು. ಹೂಂ ಮಿಸ್, ತುಂಬಾ ದಿನದಿಂದ, ಆಮೇಲೆ ಅಳು, ಸ್ಟಾಫ್ ರೂಮಿನ ನಡುವೆ ಬಿಕ್ಕಿ ಬಿಕ್ಕಿ, ಸುಪ್ರಿಯಾ ಎದ್ದು ಅವಳ ಹೆಗಲು ಹಿಡಿದಿದ್ದಾಳೆ, ಹೇಳಿದ್ದು ಒಳ್ಳೇದಾಯ್ತು, ಒಬ್ಳನ್ನೇ ಬಿಡಲ್ಲ, ಈಗ್ಲೇ ಅಮ್ಮಂಗೆ ಫೋನ್ ಮಾಡೋಣ, ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ, ಎಲ್ಲ ಸರಾಗವಾಗಿ ಬರುತ್ತಿದೆ ಬಾಯಿಗೆ, ಇಷ್ಟೇನಾ, ಒಂದು ವಾಕ್ಯ, ಉಸಿರು ಬಿಡುವಷ್ಟು ಸಲೀಸು, ಆ ಶನಿವಾರವೂ ಇದೇ ಬಾಯಿ ಇತ್ತಲ್ಲ, ಪೇಪರ್ ಬದಿಗಿಟ್ಟಿದ್ದರೆ ಆಗುತ್ತಿತ್ತಲ್ಲ, ದಿವ್ಯಶ್ರೀಯ ತಲೆ ಎದೆಗೆ ಒತ್ತಿಕೊಂಡು ಬಾಗಿಲ ಕಡೆ ನೋಡುತ್ತಾಳೆ, ನೋಡಬಾರದಿತ್ತು, ಒಂದು ಜಡೆ ಉದ್ದ, ಒಂದು ಗಿಡ್ಡ, ತಲೆ ಒಂದು ಕಡೆ ವಾಲಿದೆ, ಏನು ಬಿಡ್ತು ಮಿಸ್, ಒಂದು ಉದ್ದ, ಒಂದು ಗಿಡ್ಡ, ಏನು ಬಿಡ್ತು