ಫ್ರಿಜ್ಜಿನಲ್ಲಿದ್ದ ಕಣ್ಣು

ಹಾಲು ತೆಗೆಯೋಣವೆಂದು ಫ್ರಿಜ್ ತೆರೆದರೆ ಡಬ್ಬಿಯೊಳಗಿಂದ ಒಂದು ಕಣ್ಣು ನನ್ನನ್ನೇ ದಿಟ್ಟಿಸುತ್ತಿತ್ತು. ಎತ್ತಿಕೊಂಡಿದ್ದ ಹಾಲಿನ ಪಾತ್ರೆ ಕೈಜಾರಿತು.

"ಕುರಿ ಕಣ್ಣಮ್ಮ," ಎಂದಳು ಮಗಳು ತಣ್ಣಗೆ. "ಮಾಂಸದಂಗಡಿಯಿಂದ ತಂದಿದ್ದೀನಿ. ನಾಳೆ ಡ್ರಾಯಿಂಗ್ ಮೇಷ್ಟ್ರು, ಸೈನ್ಸ್ ಟೀಚರ್ ಇಬ್ಬರೂ ಒಟ್ಟಿಗೇ ಕ್ಲಾಸ್ ತಗೋತಾರೆ. ಕೊಯ್ದು ನೋಡಿ ಚಿತ್ರ ಬರೀಬೇಕು."

ವಿಜ್ಞಾನ ಅಂದರೆ ಮಾರುದೂರ ಓಡುತ್ತಿದ್ದ ಹುಡುಗಿ! ರಕ್ತ ಕಂಡರೆ ತಲೆ ಸುತ್ತಿ ಬೀಳುತ್ತಿದ್ದವಳು!

"ನಿಮ್ಮ ಮೇಷ್ಟ್ರುಗಳಿಗೆ ತಲೆ ಕೆಟ್ಟಿದೆ," ಎಂದು ರೇಗಿ ಹೊಲಿಗೆ ಮೆಷಿನ್ ಮುಂದೆ ಕೂತೆ. ಹಾಳು ಬಲ್ಬು, ಸೂಜಿಗೆ ದಾರವೇ ಹೋಗುತ್ತಿಲ್ಲ.

ಮರುದಿನ ಶಾಲೆಯಿಂದ ಬಂದವಳೇ ಗಲ್ಲ ಹಿಡಿದು ನನ್ನ ಮುಖವನ್ನು ಕಿಟಕಿಯತ್ತ ತಿರುಗಿಸಿದಳು. "ಅಲ್ಲಾಡಬೇಡ, ನಿನ್ನ ಕಣ್ಣು ಬರೀತೀನಿ."

ಮುಗಿದ ಮೇಲೆ ಹಾಳೆ ನೋಡಿದೆ. ಬಲಗಣ್ಣಿನ ಪಾಪೆ ಕಡುಗಪ್ಪು. ಎಡಗಣ್ಣಿನದು ಬೂದಿ ಬಣ್ಣ.

"ಎಂಥಾ ಸೋಮಾರಿಯೇ ನೀನು! ಇದನ್ನೂ ಕಪ್ಪು ಮಾಡು."

"ಕುರಿ ಕಣ್ಣೊಳಗಿನ ಮಸೂರ ತಿಳಿ ಗಾಜಿನ ಹಾಗಿತ್ತಮ್ಮ." ಅವಳು ನನ್ನ ಎಡಗಣ್ಣಿನತ್ತ ಬೆರಳು ತೋರಿಸಿದಳು. "ನಿನ್ನದು ಹಾಗಿಲ್ಲ. ನಾನು ಕಂಡಿದ್ದನ್ನೇ ಬರೆದಿದ್ದೀನಿ."

ಮೆಲ್ಲಗೆ ಬಲಗಣ್ಣು ಮುಚ್ಚಿಕೊಂಡೆ. ಕಿಟಕಿಯ ಬೆಳಕಷ್ಟೇ ಉಳಿಯಿತು. ಎದುರಿಗಿದ್ದ ಮಗಳ ಮುಖ ಕಾಣಲಿಲ್ಲ.