ಟೆಲ್ಯೂರಿಯಂನ ತೂಕ

ಟೆಲ್ಯೂರಿಯಂ ಎಂಬ ಮೂಲವಸ್ತುವಿನ ಜತೆ ಕೆಲಸ ಮಾಡಿದವರ ಉಸಿರು ಬೆಳ್ಳುಳ್ಳಿ ನಾರುತ್ತದೆ, ವಾರಗಟ್ಟಲೆ. ಪೀಟರ್ಸ್‌ಬರ್ಗಿನ ಒಂದು ಮಹಿಳಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಫೈನಾ ಅರ್ಸೆನ್ಯೆವ್ನಾ ಅವರಿಗೆ ನಾನು ಸಹಾಯಕಿಯಾಗಿದ್ದ ಆರು ವರ್ಷ ಕುದುರೆ ಟ್ರಾಮಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ.

“ಗ್ಲಾಶಾ, ನಿನ್ನನ್ನ ಕಟ್ಕೊಳ್ಳೋನು ಮೂಗಿಲ್ಲದೋನೇ ಆಗಿರ್ಬೇಕು ಕಣೇ,” ಎನ್ನುತ್ತಿದ್ದಳು ಅಮ್ಮ.

ಆ ಕೆಲಸಕ್ಕೆ ಕಾರಣ ತರಗತಿಯ ಗೋಡೆಯ ಮೇಲಿದ್ದ ಕೋಷ್ಟಕ. ಮೂಲವಸ್ತುಗಳನ್ನು ಹಗುರದಿಂದ ಭಾರಕ್ಕೆ ಸಾಲಾಗಿ ಬರೆಯುತ್ತ ಹೋದರೆ, ಕೆಲವು ಮನೆ ದಾಟಿದ ಮೇಲೆ ಹಳೆಯ ಗುಣಗಳೇ ಮರಳುತ್ತವೆ. ಅಲ್ಲಿಗೆ ಸಾಲು ಮುರಿದು ಕೆಳಗೆ ಹೊಸ ಸಾಲು ಹಿಡಿದರೆ ಒಂದೇ ಸ್ವಭಾವದವು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಇನ್ನೂ ಸಿಗದವಕ್ಕೆ ಖಾಲಿ ಮನೆ. ಎಲ್ಲ ಚೆಂದ, ಒಂದು ಕಡೆ ಬಿಟ್ಟು. ತೂಕ ನಂಬಿದರೆ ಅಯೋಡಿನ್ ಮೊದಲು, ಟೆಲ್ಯೂರಿಯಂ ಆಮೇಲೆ. ಆದರೆ ಅಯೋಡಿನ್ನಿನ ಗುಣವೆಲ್ಲ ಕ್ಲೋರಿನ್, ಬ್ರೋಮಿನ್‌ಗಳದು. ಅವುಗಳ ಕೆಳಗೆ ಅದನ್ನು ನಿಲ್ಲಿಸಬೇಕಾದರೆ ಟೆಲ್ಯೂರಿಯಂ ಅದಕ್ಕಿಂತ ಮೊದಲು ಬರಲೇಬೇಕು. ಕೋಷ್ಟಕದಲ್ಲಿ ಹಾಗೇ ಇತ್ತು.

“ಜಾಗ ಸರಿಯಾಗಿದೆ, ತೂಗಿದೋರು ತಪ್ಪಿದಾರೆ,” ಎಂಬುದು ಫೈನಾ ಅರ್ಸೆನ್ಯೆವ್ನಾ ಅವರ ಗಟ್ಟಿ ನಂಬಿಕೆ. ಟೆಲ್ಯೂರಿಯಂ ತೂಕ ಅಯೋಡಿನ್ನಿನ ನೂರ ಇಪ್ಪತ್ತೇಳಕ್ಕಿಂತ ಕಡಿಮೆ ಎಂದು ತೋರಿಸಿಬಿಟ್ಟರೆ ಮುಗಿಯಿತು. ಶುದ್ಧಮಾಡಿದೆವು, ಕಾಯಿಸಿದೆವು, ತೂಗಿದೆವು. ಪ್ರಯೋಗ ಕೆಡದ ಪ್ರತಿ ಸಲವೂ ಅದು ನೂರ ಇಪ್ಪತ್ತೇಳೂವರೆಯ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅವರ ಕಣ್ಣು ಮಂಜಾಗತೊಡಗಿತ್ತು. ತಕ್ಕಡಿಯ ಮುಳ್ಳು ನೋಡುವ ಕೆಲಸ ನನಗೆ ಬಂತು.

ಆರನೆಯ ಚಳಿಗಾಲದಲ್ಲಿ ನಾನು ಒಂದು ಕೆಲಸ ಮಾಡಿದೆ. ಒಂಬತ್ತು ತೂಕಗಳಲ್ಲಿ ಭಾರವಾದ ಆರನ್ನು “ಮೂಸೆಯಲ್ಲಿ ತೇವವಿತ್ತು” ಎಂದು ಬರೆದು ಹೊಡೆದುಹಾಕಿದೆ. ಪ್ರಯೋಗ ಕೆಟ್ಟು ಕಡಿಮೆ ತೋರಿಸಿದ್ದ ಉಳಿದ ಮೂರರಿಂದ ಸರಾಸರಿ ತೆಗೆದೆ: ನೂರ ಇಪ್ಪತ್ತಾರು ಚಿಲ್ಲರೆ.

ಅವರು ಎದ್ದು ನನ್ನನ್ನು ತಬ್ಬಿಕೊಂಡರು. ಆಮೇಲೆ ಭೂತಗನ್ನಡಿ ಹಿಡಿದು ತೂಕ ಬರೆದಿಟ್ಟ ಪುಸ್ತಕ ಓದಲು ಕೂತರು. ತುಂಬ ಹೊತ್ತು ಓದಿದರು.

“ಆರೂ ಸಲ ತೇವ ಇತ್ತೇನೇ?”

ನಾನು ತಕ್ಕಡಿಯ ಗಾಜಿನ ಬಾಗಿಲು ಮುಚ್ಚತೊಡಗಿದೆ.

“ನನ್ನ ಮೇಲಿನ ಪ್ರೀತಿಗೆ ಬರ್ದೆ, ಅಲ್ವಾ?”

“ನಿಮಗೆ ಇನ್ನೆಷ್ಟು ವರ್ಷ ಕಣ್ಣು ಕಾಣುತ್ತೆ, ಫೈನಾ ಅರ್ಸೆನ್ಯೆವ್ನಾ?” ನನಗೆ ಅಳು ಬಂತು.

“ಪ್ರೀತಿಯಿಂದ ತೂಗಿದ್ರೆ ಎಲ್ಲಾನೂ ನಮಗೆ ಬೇಕಾದಷ್ಟೇ ತೂಗುತ್ತೆ, ಹುಡುಗಿ. ಹೊಡೆದುಹಾಕಿದ್ದನ್ನ ಮತ್ತೆ ಬರಿ.”

ಬರೆದೆ. “ತೂಕ ನಮ್ಮ ಊಹೆಗೆ ವಿರುದ್ಧವಾಗಿದೆ, ಕಾರಣ ತಿಳಿಯದು” ಎಂದು ಅವರು ವರದಿ ಕಳಿಸಿದರು. ರಸಾಯನಶಾಸ್ತ್ರ ಸಂಘದ ಸಭೆಯಲ್ಲಿ ಅದನ್ನು ಓದಿದಾಗ ಒಬ್ಬರು, “ಆರು ವರ್ಷ ಬೆಳ್ಳುಳ್ಳಿ ತಿಂದು ಕೊನೆಗೆ ಇದೇನಾ?” ಎಂದು ನಗಾಡಿದರಂತೆ. ಗೋಡೆಯ ಕೋಷ್ಟಕವನ್ನು ಮಾತ್ರ ಫೈನಾ ಅರ್ಸೆನ್ಯೆವ್ನಾ ಬದಲಿಸಲಿಲ್ಲ.

ಸಾವಿರದ ಒಂಬೈನೂರ ಹದಿನಾಲ್ಕರ ಬೇಸಿಗೆ. ನಾನೂ ಅಷ್ಟು ಹೊತ್ತಿಗೆ ಪಾಠ ಹೇಳುತ್ತಿದ್ದೆ. ಇಂಗ್ಲೆಂಡಿನಿಂದ ಬಂದ ಪತ್ರಿಕೆಯೊಂದನ್ನು ಹಿಡಿದು ಅವರ ಮನೆಗೆ ಓಡಿದೆ. ಅವರಿಗೆ ಆಗ ಬೆಳಕು ನೆರಳಷ್ಟೇ ಕಾಣುತ್ತಿತ್ತು. ಓದಿ ಹೇಳಿದೆ: ಮೂಲವಸ್ತುಗಳ ನಿಜವಾದ ಕ್ರಮ ತೂಕದ್ದಲ್ಲ. ಪರಮಾಣುವಿನ ಕೇಂದ್ರದಲ್ಲಿರುವ ವಿದ್ಯುತ್ತಿನ ಎಣಿಕೆ ಒಂದೊಂದೇ ಹೆಚ್ಚುತ್ತ ಹೋಗುತ್ತದೆ, ಕ್ರಮ ಅದರದು. ಆ ಲೆಕ್ಕದಲ್ಲಿ ಟೆಲ್ಯೂರಿಯಂ ಐವತ್ತೆರಡು, ಅಯೋಡಿನ್ ಐವತ್ತಮೂರು.

“ಹಾಗಾದ್ರೆ ಜಾಗ ಸರಿ.”

“ಸರಿ.”

“ತೂಕಾನೂ ಸರಿ.”

“ಅದೂ ಸರಿ.”

“ತಪ್ಪಿದ್ದು ನಾನೊಬ್ಬಳೇ ಅನ್ನು!” ಅವರು ಮಂಡಿ ತಟ್ಟಿಕೊಂಡು ನಕ್ಕರು. ಚಹಾಕ್ಕಿಟ್ಟ ಸಮೋವಾರಿನ ನೀರು ಕುದಿದು ಆರಿತು.

“ಮತ್ತೆ ಅದು ಅಯೋಡಿನ್‌ಗಿಂತ ಭಾರ ಯಾಕೆ?”

“ಇದರಲ್ಲಿ ಬರ್ದಿಲ್ಲ.”

“ಬರ್ದಿಲ್ವಾ?” ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಹಾಗಾದ್ರೆ ಮೊದಲಿಂದ ಓದು. ನಿಧಾನವಾಗಿ.”