ಒಣಕೆರೆಯ ಮೇಲೆ ಕೆಡವಿದ ವಿಮಾನ

ಮೆಕ್ಸಿಕೊದ ಗಡಿಯೂರು ಮೆಹಿಕಾಲಿಯ ವಿಮಾನ ನಿಲ್ದಾಣದ ಕಟ್ಟಕಡೆಯ ಶೆಡ್ಡಿನಲ್ಲಿ ಮೂರು ಎಂಜಿನ್ನಿನ ಹಳೆಯ ವಿಮಾನವೊಂದು ನಿಂತಿತ್ತು. ಶುಕ್ರವಾರ ಅದನ್ನು ಲಗುನಾ ಸಲಾದಾದ ಒಣಕೆರೆಯ ಮೇಲೆ ಬೇಕೆಂದೇ ಕೆಡವುವವರಿದ್ದರು. ವಿಮಾನ ನೆಲಕ್ಕೆ ಬಡಿದಾಗ ಒಳಗೆ ಕೂತವರ ಮೈಗೆ ಏನೇನಾಗುತ್ತದೆಂದು ತೋರಿಸುವ ಸಾಕ್ಷ್ಯಚಿತ್ರವೊಂದಕ್ಕಾಗಿ ಇದೆಲ್ಲ. ಕೂರುವವರು ಬೊಂಬೆಗಳು. ಹದಿನೈದು ಬೊಂಬೆಗಳ ಹೊಟ್ಟೆಯಲ್ಲಿ ಬರೀ ಮರಳು. ಉಳಿದ ಮೂರು ಮಾತ್ರ ಬೆಲೆಬಾಳುವವು. ತಲೆಯಿಂದ ಹಿಮ್ಮಡಿಯವರೆಗೆ ಪೆಟ್ಟನ್ನು ಅಳೆಯುವ ಸಲಕರಣೆ ಅವುಗಳೊಳಗೆ ಇತ್ತು.

ಬೊಂಬೆಗಳಿಗೆ ಬಟ್ಟೆ ತೊಡಿಸಿ ಸೀಟಿನಲ್ಲಿ ಕೂರಿಸುವ ಕೆಲಸ ಅಂಪಾರೊ ಕಿಹಾದಾಳದು. ಐವತ್ತೆಂಟು ವರ್ಷದ ಅವಳು ಒಂದು ಕಾಲದಲ್ಲಿ ಗಗನಸಖಿಯಾಗಿದ್ದವಳು. ಈಗ ಊರಿನಲ್ಲಿ ಕಾರು ಕಲಿಸುವ ಶಾಲೆ ನಡೆಸುತ್ತಿದ್ದಳು. ಬೆಲ್ಟ್ ಹಾಕದೆ ಕೀಲಿ ತಿರುಗಿಸಿದವರ ಕೈಮೇಲೆ ಸ್ಕೇಲಿನಿಂದ ಒಂದು ಬಿಡುತ್ತಿದ್ದಳು; ಅವಳ ಕೈಯಲ್ಲಿ ಹಾಗೆ ಹೊಡೆಸಿಕೊಂಡವರಲ್ಲಿ ಒಬ್ಬ ಮೇಯರ್ ಕೂಡ ಇದ್ದ. ಮರಳಿನ ಬೊಂಬೆಗಳಿಗೆ ಸಂತೆಯಿಂದ ಹಳೆಯ ಅಂಗಿ, ಲಂಗ, ಟೋಪಿ ತಂದಿದ್ದಳು. ಒಂದಕ್ಕೆ ಮದುವೆಮನೆಗೆ ಹೊರಟವರ ಹಾಗೆ ಹೂವಿನ ಶಾಲನ್ನೂ ಹೊದಿಸಿದ್ದಳು.

ಬುಧವಾರ ಬೆಳಿಗ್ಗೆ ಗಾಯಗಳ ತಜ್ಞ ಡಾಕ್ಟರ್ ವಿಟ್‌ಕಾಂಬ್ ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ವಿಮಾನದೊಳಗೆ ಬಂದ. ಗಡಿಯಾಚೆಯ ಅಮೆರಿಕದವನು; ಪುಸ್ತಕ ಓದಿ ಕಲಿತ ಸ್ಪ್ಯಾನಿಷ್ ಅವನದು.

"ಮೊದಲನೆಯ ಅಳತೆಯ ಬೊಂಬೆ ಮುಂದಿನ ಭಾಗದಲ್ಲಿ, ಬೆಲ್ಟ್ ಇಲ್ಲದೆ. ಎರಡನೆಯದು ಹದಿನಾಲ್ಕನೇ ಸಾಲಿನಲ್ಲಿ, ಬೆಲ್ಟ್ ಧರಿಸಿ, ನೇರವಾಗಿ. ಮೂರನೆಯದು ತುರ್ತು ಬಾಗಿಲಿನ ಪಕ್ಕದಲ್ಲಿ, ಅದೂ ನೇರವಾಗಿ," ಎಂದ.

"ತಲೆ ತಗ್ಗಿಸಿ ಕೂತಿರೋದು ಯಾವುದು?" ಅಂಪಾರೊ ಕೇಳಿದಳು.

"ಅಂಥದ್ದು ಇಲ್ಲ, ಸೆನ್ಯೋರಾ. ಆ ಭಂಗಿಯಿಂದ ಪ್ರಯೋಜನವಿದೆ ಎಂದು ನನಗೆ ಖಚಿತವಿಲ್ಲ. ಕಾಲಿನ ಮೂಳೆಗಳು ಮುರಿಯುತ್ತವೆ ಎಂಬ ವರದಿಗಳಿವೆ."

"ಗೊತ್ತು ಡಾಕ್ಟ್ರೇ. ಅಂಥದೊಂದು ವರದಿಲಿ ನನ್ನ ಹೆಸರೇ ಇದೆ."

ಇಪ್ಪತ್ತೊಂದು ವರ್ಷದ ಹಿಂದೆ, ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ಅವಳಿದ್ದ ವಿಮಾನ ಕರಾವಳಿಯ ಊರೊಂದರಲ್ಲಿ ಇಳಿಯುವಾಗ ಓಡುದಾರಿ ದಾಟಿ ಏರಿಗೆ ಬಡಿದಿತ್ತು. ಜಾರಲು ಶುರುವಾದ ಕೂಡಲೇ ಹಿಂದಿನ ಭಾಗದಲ್ಲಿದ್ದ ಅಂಪಾರೊ ಗಂಟಲು ಹರಿಯುವಂತೆ ಕೂಗಿದ್ದಳು: ತಲೆ ತಗ್ಗಿಸಿ, ಮುಂದಿನ ಸೀಟಿಗೆ ಹಣೆ ಒತ್ತಿ. ಅವಳ ಪಾಲಿನ ಮೂವತ್ತೊಂದು ಜನ ಹಾಗೇ ಮಾಡಿದರು. ಹನ್ನೊಂದು ಜನರ ಕಾಲು ಮುರಿಯಿತು. ಮೂವತ್ತೊಂದು ಜನವೂ ಉಳಿದರು. ಯಾರೂ ಏನೂ ಕೂಗದ ಮುಂದಿನ ಭಾಗದಲ್ಲಿ ನಾಲ್ವರು ಸತ್ತರು. ಆದರೂ ಕಂಪನಿಯ ವಿಚಾರಣೆ, ಪರಿಚಾರಿಕೆಯ ಕೂಗಾಟದಿಂದ ಗಾಬರಿ ಹೆಚ್ಚಿತು, ಆಕೆ ಹೇಳಿದ ಭಂಗಿಯಿಂದಲೇ ಕಾಲು ಮುರಿಯಿತು ಎಂದು ಬರೆಯಿತು. ಅವಳನ್ನು ಕಳೆದುಹೋದ ಪೆಟ್ಟಿಗೆಗಳ ಕೌಂಟರಿಗೆ ಹಾಕಿದರು. ಎರಡು ವರ್ಷ ಅಲ್ಲಿ ಬೈಸಿಕೊಂಡು, ಆಮೇಲೆ ಬಿಟ್ಟಳು.

ಇದಿಷ್ಟನ್ನು ಅವಳು ಡಾಕ್ಟರನಿಗೆ ನಿಂತಲ್ಲೇ ಹೇಳಿದಳು. ಅವನು ಕೇಳಿಸಿಕೊಂಡ, ತಲೆಯಾಡಿಸಿದ, ಆದರೆ ಕಾಗದ ತಿದ್ದಲಿಲ್ಲ.

"ನನಗೆ ಅಂಕಿ-ಅಂಶ ಬೇಕು, ಸೆನ್ಯೋರಾ. ನೆನಪು ಸಾಲದು."

ಅಂಪಾರೊ ಅಂಗಿಗಳನ್ನು ತುಂಬಿ ತಂದಿದ್ದ ರಟ್ಟಿನ ಪೆಟ್ಟಿಗೆ ಹರಿದು ನೆಲಕ್ಕೆ ಹಾಸಿದಳು. ಮಾರ್ಕರ್ ಪೆನ್ನು ತಗೊಂಡು ಮಂಡಿಯೂರಿ ಕೂತು ಸೀಟಿನ ಸಾಲುಗಳನ್ನು ಎಳೆಯತೊಡಗಿದಳು. ಒಂದೊಂದು ಸೀಟಿಗೂ ಒಂದು ಹೆಸರು ಬರೆದಳು.

"ಇದು ಸೆನ್ಯೋರಾ ಬೆರ್ದುಗೊ. ಎಡಗಾಲು, ಹಿಮ್ಮಡಿ ಗಂಟಿನ ಮೇಲೆ. ಇದು ಅವಳ ಗಂಡ, ಎರಡೂ ಕಾಲು. ಕಾಲನ್ನ ಮುಂದಕ್ಕೆ ಚಾಚಿದ್ದ, ಎಷ್ಟು ಹೇಳಿದ್ರೂ ಹಿಂದಕ್ಕೆ ಎಳ್ಕೊಳ್ಳಲಿಲ್ಲ. ಇಲ್ಲಿ ಒಬ್ಳು ಹಲ್ಲಿನ ಡಾಕ್ಟ್ರು, ಏನೂ ಆಗಲಿಲ್ಲ, ಕಾಲು ಒಳಗೆ ಮಡಚಿದ್ಳು. ಇವ್ನು ಮಾತು ಕೇಳ್ದೆ ಕಿಟಕೀಲಿ ನೋಡ್ತಿದ್ದ, ಕೊನೇ ಗಳಿಗೇಲಿ ಬಗ್ಗಿದ, ದವಡೆ ಹೋಯ್ತು."

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಆಸ್ಪತ್ರೆಗೆ ಹೋಗಿ ಮೂವತ್ತೊಂದು ಜನಾನೂ ನೋಡಿ ಬಂದೆ. ವಿಚಾರಣೆ ಮಾಡ್ದೋರು ಒಬ್ರೂ ಹೋಗ್ಲಿಲ್ಲ. ನನ್ನಿಂದ ಕಾಲು ಮುರೀತು ಅಂತ ಕೆಲವು ಪ್ರಯಾಣಿಕರು ದೂರು ಕೊಟ್ರಲ್ಲ ಡಾಕ್ಟ್ರೇ, ದೂರು ಕೊಡೋದಕ್ಕೆ ಅವ್ರು ಬದುಕಿದ್ರು."

ವಿಟ್‌ಕಾಂಬ್ ಉದ್ದ ಕಾಲು ಮಡಚಿ ಅವಳೆದುರು ನೆಲದ ಮೇಲೆ ಕೂತ. ಅರ್ಧ ಗಂಟೆ ಪ್ರಶ್ನೆ ಕೇಳಿದ. ಆಮೇಲೆ ತನ್ನ ಹಲಗೆಯ ಮೇಲಿನ ಗೆರೆಯೊಂದನ್ನು ಹೊಡೆದುಹಾಕಿ, "ಮೂರನೆಯದನ್ನು ಹದಿನಾಲ್ಕನೇ ಸಾಲಿನಲ್ಲೇ, ನೇರವಾಗಿ ಕೂತದ್ದರ ಪಕ್ಕದಲ್ಲಿ ಇಡೋಣ. ಒಂದೇ ಸಾಲು, ಒಂದೇ ಪೆಟ್ಟು. ಹೇಗೆ ಕೂರಿಸಬೇಕೋ ನೀವೇ ಕೂರಿಸಿ," ಎಂದ.

ಆ ಬೊಂಬೆಯನ್ನು ಅವಳು ಎರಡು ಗಂಟೆ ಹೊತ್ತು ಕೂರಿಸಿದಳು. ಬೆಲ್ಟನ್ನು ಸೊಂಟದ ಕೆಳಗೆ ಬಿಗಿದಳು, ಹಣೆಯನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿದಳು, ಕೈಯೆರಡನ್ನೂ ತಲೆಯ ಮೇಲೆ ಇಟ್ಟಳು. ಕಾಲನ್ನು ಹಿಂದಕ್ಕೆಳೆದು ಮಡಚಿದರೆ ಬೊಂಬೆಯ ಮಂಡಿ ಮಣಿಯಲೊಲ್ಲದು. ಎಷ್ಟು ಮಣಿಯಿತೋ ಅಷ್ಟಕ್ಕೆ ಬಿಟ್ಟಳು.

ಮಧ್ಯಾಹ್ನ ಕ್ಯಾಪ್ಟನ್ ಉರ್ಬಾನೊ ಲಿಸಾರ್ರಾಗಾ ಕಾಗದದಲ್ಲಿ ಸುತ್ತಿದ ಬುರ್ರಿತೊ, ಒಣಮಾಂಸ ತುಂಬಿದ ರೊಟ್ಟಿಯ ಸುರುಳಿ, ಹಿಡಿದು ಬಂದ. ಶುಕ್ರವಾರ ವಿಮಾನವನ್ನು ಮೇಲಕ್ಕೊಯ್ದು, ಜೊತೆಯ ಇಬ್ಬರು ಹಾರಿದ ಮೇಲೆ ಪ್ಯಾರಾಚೂಟ್ ಕಟ್ಟಿ ಕೊನೆಯವನಾಗಿ ಹಾರಬೇಕಾದವನು ಅವನು. ಆಮೇಲೆ ಪಕ್ಕದಲ್ಲಿ ಹಾರುವ ಸಣ್ಣ ವಿಮಾನದಿಂದ ರಿಮೋಟಿನಲ್ಲಿ ಇದನ್ನು ಕೆಡವುವವರಿದ್ದರು. ಇಪ್ಪತ್ತೊಂದು ವರ್ಷದ ಹಿಂದಿನ ಆ ವಿಮಾನದಲ್ಲಿ ಸಹಚಾಲಕನಾಗಿದ್ದವನೂ ಅವನೇ. ಆಗ ಅವನಿಗೆ ಇಪ್ಪತ್ತೆಂಟು. ವಿಚಾರಣೆಯ ಕೊನೆಯ ಪುಟದಲ್ಲಿ ಅವನ ಸಹಿಯಿತ್ತು.

"ಊಟ ಮಾಡಿ ದೋನ್ಯಾ ಅಂಪಾರೊ."

"ಈ ಕೆಲ್ಸಕ್ಕೆ ನನ್ನ ಹೆಸ್ರು ಹೇಳ್ದೋನು ನೀನೇ ಅಂತೆ."

"ಹೂಂ."

"ಪಾಪ ತೊಳ್ಕೊಳ್ಳೋಕೆ ಇಷ್ಟು ದೊಡ್ಡ ವಿಮಾನ ಬೇಕಿತ್ತಾ ಮಗಾ?"

ಉರ್ಬಾನೊ ನಗಲಿಲ್ಲ. "ಆವತ್ತು ಹೆದರ್ಕೊಂಡಿದ್ದೆ. ಸಹಿ ಹಾಕದಿದ್ರೆ ಇನ್ನೊಂದ್ಸಲ ಹಾರೋಕೆ ಬಿಡಲ್ಲ ಅಂದ್ರು."

"ನನ್ನ ಹಾರೋಕೆ ಬಿಟ್ರಾ?"

ಅವಳು ಬುರ್ರಿತೊ ಬಿಚ್ಚಿ ತಿನ್ನತೊಡಗಿದಳು. ಖಾರ ಕಡಿಮೆಯಾಗಿದೆ ಎಂದಳು. ಅವನು ಹೋಗಿ ಮೆಣಸಿನಕಾಯಿ ತಂದ.

ಶುಕ್ರವಾರ ಗಾಳಿ ಎದ್ದಿತು. ಒಣಕೆರೆಯ ಉಪ್ಪುಮಣ್ಣು ಗೋಡೆಯಂತೆ ಮೇಲೆದ್ದು, ಎದುರಿನ ಕುಕಪಾ ಬೆಟ್ಟವೇ ಕಾಣದಾಯಿತು. ಸರ್ಕಾರ ಕೊಟ್ಟ ಅನುಮತಿ ಶನಿವಾರದ ಸಂಜೆಗೆ ಮುಗಿಯುತ್ತಿತ್ತು. ಚಿತ್ರದ ವ್ಯವಸ್ಥೆ ನೋಡುತ್ತಿದ್ದ ನೆಸ್ತೊರ್ ಬೊಹೋರ್ಕೆಸ್ ಎಂಬವನು ಉಗುರು ಕಚ್ಚಿ ಕಚ್ಚಿ, ಕಚ್ಚಲು ಇನ್ನೇನೂ ಉಳಿಯದೆ, ಅಂಪಾರೊಳ ಬಳಿ ಬಂದು ಕೂತ.

"ನಾಳೇನೂ ಹೀಗೇ ಇದ್ರೆ ನಾನು ಅಜ್ಜಿ ಊರಿಗೆ ಹೋಗಿ ಮೇಕೆ ಕಾಯ್ತೀನಿ."

"ಮೇಕೆಗಳು ಏನು ತಪ್ಪು ಮಾಡಿವೆ ಪಾಪ," ಎಂದಳು ಅಂಪಾರೊ.

ಶನಿವಾರ ಆಕಾಶ ತೊಳೆದಿಟ್ಟಂತಿತ್ತು. ಎಂಜಿನ್ ಶುರುಮಾಡುವ ಮೊದಲು ಎಲ್ಲರೂ ಇಳಿಯಬೇಕೆಂದು ಅಪ್ಪಣೆಯಾಯಿತು. ಅಂಪಾರೊ ಇಳಿಯಲಿಲ್ಲ. ಮುಂದಿನ ಸಾಲಿನಿಂದ ಹಿಡಿದು ಒಂದೊಂದು ಬೆಲ್ಟನ್ನೂ ಎಳೆದು ನೋಡುತ್ತ, ತಲೆಯ ಮೇಲಿನ ಸಾಮಾನಿನ ಮುಚ್ಚಳಗಳನ್ನು ಅಂಗೈಯಲ್ಲಿ ಒತ್ತುತ್ತ ಹಿಂದಿನ ತನಕ ನಡೆದಳು. ನಡಿಗೆ ತಾನಾಗಿಯೇ ಹಳೆಯ ನಡಿಗೆಯಾಗಿತ್ತು, ಬೆನ್ನು ನೆಟ್ಟಗಾಗಿತ್ತು. ಕಾಕ್‌ಪಿಟ್ಟಿನ ಬಾಗಿಲಿಗೆ ಬಂದು, "ಕ್ಯಾಬಿನ್ ಸಿದ್ಧ, ಕ್ಯಾಪ್ಟನ್," ಎಂದಳು.

ಉರ್ಬಾನೊ ತಿರುಗಿ ನೋಡಿದ. "ಥ್ಯಾಂಕ್ಸ್, ದೋನ್ಯಾ."

"ಸರಿಯಾಗಿ ಹಾರು. ಪ್ಯಾರಾಚೂಟ್ ಬಿಚ್ಚೋದು ಮರೀಬೇಡ. ಇನ್ನೂ ನಿನ್ಹತ್ರ ಜಗಳ ಮುಗ್ದಿಲ್ಲ."

ಅಲ್ಲಿಂದ ಅವಳೂ ಡಾಕ್ಟರನೂ ಜೀಪಿನಲ್ಲಿ ಒಣಕೆರೆಗೆ ಹೋದರು. ಅಗ್ನಿಶಾಮಕದವರು, ಸೈನಿಕರು, ಕ್ಯಾಮೆರಾದವರು ಎರಡು ಮೈಲಿ ದೂರದ ದಿಬ್ಬದ ಹಿಂದೆ ಕಾಯುತ್ತಿದ್ದರು. ಬೆಟ್ಟದ ಅಂಚಿನಿಂದ ವಿಮಾನ ಕಾಣಿಸಿಕೊಂಡಿತು. ಹಿಂಬದಿಯ ಮೆಟ್ಟಿಲಿನಿಂದ ಒಬ್ಬ ಹಾರಿದ, ಇನ್ನೊಬ್ಬ ಹಾರಿದ. ಮೂರನೆಯವನು ಬರಲು ತಡವಾಯಿತು. ಅಂಪಾರೊ ಎಣಿಸುತ್ತಿದ್ದಳು. ಕೊನೆಗೂ ಒಂದು ಚುಕ್ಕಿ ಉದುರಿ, ಅದರ ಮೇಲೆ ಬಿಳಿ ಕೊಡೆ ಬಿಚ್ಚಿಕೊಂಡಾಗ ಅವಳು ಎಣಿಕೆ ನಿಲ್ಲಿಸಿದಳು.

ಈಗ ವಿಮಾನದಲ್ಲಿ ಜೀವಂತರು ಯಾರೂ ಇರಲಿಲ್ಲ. ಒಮ್ಮೆ ಎಡಕ್ಕೆ ವಾಲಿತು. ನೆಸ್ತೊರ್ ಕಣ್ಣು ಮುಚ್ಚಿಕೊಂಡ. ಮತ್ತೆ ಸರಿಯಾಯಿತು. ಮೂಗು ತಗ್ಗಿಸಿ, ಯಾವ ಅವಸರವೂ ಇಲ್ಲದೆ, ಇಳಿಯಲು ಬಂದ ವಿಮಾನದಂತೆಯೇ ಬಂತು. ಕೊನೆಯ ಕ್ಷಣದಲ್ಲಿ ಮಾತ್ರ ಇಳಿಯುವುದು ಬಿಟ್ಟು ಬಿದ್ದಿತು. ಮೊದಲು ಕಂಡದ್ದು ಧೂಳು. ಸದ್ದು ಆಮೇಲೆ ಬಂತು. ಮೂಗಿನ ಭಾಗ ಮುರಿದು ಕೆಳಗೆ ಸಿಕ್ಕಿಕೊಂಡಿತು, ಉಳಿದ ಮೈ ಅದರ ಮೇಲೆ ಹಾದು ಮುಂದಕ್ಕೆ ಜಾರಿತು, ಉಪ್ಪಿನ ನೆಲವನ್ನು ಉತ್ತುಕೊಂಡು ಹೋಗಿ ನಿಂತಿತು. ಆಮೇಲೆ ರೇಡಿಯೊದಲ್ಲಿ ಯಾರೋ, "ಅಂದುಕೊಂಡ ಜಾಗದಲ್ಲೇ ಬಿತ್ತು," ಎಂದರು. ದಿಬ್ಬದ ಹಿಂದಿದ್ದವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನೆಸ್ತೊರ್ ಅಗ್ನಿಶಾಮಕದ ಮುಖ್ಯಸ್ಥನ ಕೆನ್ನೆಗೆ ಮುತ್ತು ಕೊಟ್ಟ.

ಅಂಪಾರೊ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಇಂಧನದ ಅಪಾಯವಿಲ್ಲವೆಂದು ಖಾತ್ರಿಯಾಗುವವರೆಗೆ ಒಂದೂವರೆ ಗಂಟೆ ಬಿಸಿಲಿನಲ್ಲಿ ನಿಂತೇ ಇದ್ದಳು. ಒಳಗೆ ಹೋಗಲು ಬಿಟ್ಟಾಗ ಡಾಕ್ಟರನ ಹಿಂದೆ ಅವಳೇ ಹತ್ತಿದಳು.

ಬೆಲ್ಟ್ ಇಲ್ಲದ ಬೊಂಬೆ ಅದರ ಜಾಗದಲ್ಲಿರಲಿಲ್ಲ, ಜಾಗವೇ ಇರಲಿಲ್ಲ. ಚಾವಣಿಯ ತಂತಿಗಳು ಕರುಳಿನಂತೆ ಜೋತುಬಿದ್ದಿದ್ದವು. ಹೂವಿನ ಶಾಲಿನವಳು ಮಗ್ಗುಲಿಗೆ ವಾಲಿದ್ದಳು, ಹೊಟ್ಟೆಯಿಂದ ಮರಳು ಸುರಿಯುತ್ತಿತ್ತು. ಅಂಪಾರೊ ಹದಿನಾಲ್ಕನೇ ಸಾಲಿಗೆ ಬಂದಳು. ನೆಟ್ಟಗೆ ಕೂತಿದ್ದ ಬೊಂಬೆಯ ಮುಖ ಮುಂದಿನ ಸೀಟಿಗೆ ಬಡಿದು ಹಣೆ ಸೀಳಿತ್ತು. ಪಕ್ಕದ್ದು ಅವಳು ಕೂರಿಸಿದ ಹಾಗೇ ಇತ್ತು, ಕೈ ತಲೆಯ ಮೇಲೆ. ಅದರ ಎಡ ಪಾದ ಮಾತ್ರ ಸೊಟ್ಟಗಾಗಿತ್ತು.

ಮುರಿದ ಮೂಗಿನಡಿಯಿಂದ ಬೆಲ್ಟ್ ಇಲ್ಲದ ಬೊಂಬೆಯನ್ನೂ ತೆಗೆಸಿದ ಮೇಲೆ, ಡೇರೆಯಲ್ಲಿ ಡಾಕ್ಟರ್ ಮೂರೂ ಬೊಂಬೆಗಳ ಅಳತೆಯನ್ನು ಕಂಪ್ಯೂಟರಿಗಿಳಿಸಿ, ಒಂದಲ್ಲ ಮೂರು ಸಲ ನೋಡಿದ. ಎದ್ದು ನಿಂತು ಅವಳ ಕಡೆ ತಿರುಗಿದ.

"ಬೆಲ್ಟ್ ಇಲ್ಲದವನು ಸತ್ತ. ನೇರವಾಗಿ ಕೂತವನ ತಲೆಗೆ ಬಿದ್ದ ಪೆಟ್ಟಿನಿಂದ ಅವನಿಗೆ ಪ್ರಜ್ಞೆ ತಪ್ಪುತ್ತಿತ್ತು. ಬೆಂಕಿ ಹೊತ್ತಿದ್ದರೆ ಹೊರಗೆ ಬರಲಾಗುತ್ತಿರಲಿಲ್ಲ. ನಿಮ್ಮವನ ಕಾಲು ಮುರಿದಿದೆ, ಸೆನ್ಯೋರಾ. ತಲೆಗೆ ಏನೂ ಆಗಿಲ್ಲ. ಅವನು ಬದುಕಿದ್ದಾನೆ."

ಅಂಪಾರೊ ಪಕ್ಕದಲ್ಲಿದ್ದ ಐಸ್ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಅಳು ಬರುತ್ತದೆಂದು ಕಾದಳು. ಬಂದದ್ದು ನಗು, ಹೊಟ್ಟೆಯಿಂದ ಎದ್ದು ಬಂದ ನಗು. ಅಗ್ನಿಶಾಮಕದವರು ಯಾಕೆಂದು ತಿಳಿಯದೆ ತಾವೂ ನಕ್ಕರು.

ಹೊರಗೆ ಕ್ಯಾಮೆರಾದವರು ಉರ್ಬಾನೊನನ್ನು ಮುತ್ತಿಕೊಂಡಿದ್ದರು. ಮೈಯೆಲ್ಲ ಧೂಳು, ಮೊಣಕೈ ತರಚಿತ್ತು. ಬೀಳಲಿರುವ ವಿಮಾನದಿಂದ ಹಾರುವಾಗ ಏನನ್ನಿಸಿತೆಂದು ಕೇಳುತ್ತಿದ್ದರು. ಅಂಪಾರೊ ಬಂದದ್ದನ್ನು ಕಂಡು ಅವನು ಕೈಯೆತ್ತಿ ಅವರನ್ನು ತಡೆದ.

"ನನ್ನ ವಿಷ್ಯ ಆಮೇಲೆ. ಮೊದ್ಲು ಒಂದು ಮಾತು ರೆಕಾರ್ಡ್ ಮಾಡ್ಕೊಳ್ಳಿ. ಇಪ್ಪತ್ತೊಂದು ವರ್ಷದ ಹಿಂದೆ ನಾನೊಂದು ವರದಿಗೆ ಸಹಿ ಹಾಕಿದ್ದೆ. ಅದ್ರಲ್ಲಿ ಇವ್ರ ಬಗ್ಗೆ ಬರ್ದಿದ್ದು ಸುಳ್ಳು. ಸುಳ್ಳು ಅಂತ ಅವತ್ತೇ ನಂಗೊತ್ತಿತ್ತು. ಮೂವತ್ತೊಂದು ಜನ್ರನ್ನ ಉಳಿಸಿದ್ದು ಇವ್ರು. ನನ್ನ ಹೆಸ್ರು ಹಾಕಿ, ಪೂರ್ತಿ ಹೆಸ್ರು."

ಅಂಪಾರೊ ಅವನ ಹೆಗಲ ಮೇಲಿನ ಧೂಳು ಕೊಡವಿದಳು.

"ತಡ ಮಾಡ್ದೆ," ಎಂದಳು.

"ಗೊತ್ತು ದೋನ್ಯಾ."

"ಸರಿ, ಕೈ ತೊಳ್ಕೋ. ಆ ಮೊಣಕೈಗೆ ಔಷಧಿ ಹಾಕ್ಬೇಕು."

ಸೂರ್ಯ ಬೆಟ್ಟದ ಕಡೆ ಇಳಿಯುವಷ್ಟರಲ್ಲಿ ಊರಿನಿಂದ ಚೀನಾ ಅಂಗಡಿಯ ಅನ್ನ, ನೂಡಲ್ಸು, ಹುರಿದ ಮೀನು ಟ್ರಕ್ಕಿನಲ್ಲಿ ಬಂದವು. ನೆಸ್ತೊರ್ ಬಂದು, ಕ್ಯಾಮೆರಾ ಮುಂದೆ ಒಂದೇ ಒಂದು ನಿಮಿಷ ಮಾತಾಡಿ ಎಂದು ಕೇಳಿಕೊಂಡ. ಅವಳು ಕೂದಲು ಸರಿಮಾಡಿಕೊಂಡು ಮಡಚುವ ಕುರ್ಚಿಯಲ್ಲಿ ಕೂತಳು, ಸೆನ್ಯೋರಾ ಬೆರ್ದುಗೊಳಿಂದ ಶುರುಮಾಡಿದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ತಟ್ಟೆ ಹಿಡಿದವರು ಒಬ್ಬೊಬ್ಬರಾಗಿ ಬಂದು ಸುತ್ತ ನೆಲದ ಮೇಲೆ ಕೂತರು. ಡಾಕ್ಟರ್ ಹಲಗೆ ತೆಗೆದು ಬರೆದುಕೊಳ್ಳುತ್ತಿದ್ದ. ಕ್ಯಾಮೆರಾದ ಬ್ಯಾಟರಿ ಮುಗಿದು ಕೆಂಪು ದೀಪ ಆರಿದ್ದನ್ನು ನೆಸ್ತೊರ್ ನೋಡಿದ. ಅವಳಿಗೆ ಹೇಳಲಿಲ್ಲ, ಮೆಲ್ಲಗೆ ಹೋಗಿ ಇನ್ನೊಂದು ಬ್ಯಾಟರಿ ತಂದು ಹಾಕಿದ. ಅವಳಿನ್ನೂ ಏಳನೆಯ ಪ್ರಯಾಣಿಕನ ವಿಷಯದಲ್ಲಿದ್ದಳು. ಇಪ್ಪತ್ನಾಲ್ಕು ಜನ ಬಾಕಿಯಿದ್ದರು.